ಫಕೀರಗೌಡ ಮುತ್ಯಾನ ಹೊಲದ ಸಿ.ಡಿ.

ಇಳಕಲ್, ಶ್ರಾವಣ ಮಾಸ, ೨೨೧೮

ಫಕೀರಗೌಡ ಮುತ್ಯಾ ಅವರಿಗೆ, ನಿಮ್ಮ ಏಳನೆಯ ತಲೆಮಾರಿನ ಮೊಮ್ಮಗಳು ಶರಣವ್ವ ಮಾಡುವ ನಮಸ್ಕಾರಗಳು.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರ. ಒಂದು ಮನೆತನಕ್ಕೆ ಒಂದೇ ಸಲ ಅವಕಾಶ. ಜನ ಇದರಲ್ಲಿ ಯುದ್ಧ ತಪ್ಪಿಸಿ, ಬೆಂಕಿ ತಪ್ಪಿಸಿ ಎಂದು ಬೇಡಿಕೊಳ್ಳುತ್ತಾರೆ. ನಾವು ಕೇಳುತ್ತಿರುವುದು ಒಂದು ಸಿ.ಡಿ. ನಗಬೇಡಿ.

ನೀವು ಕೊಂಡ ಕಂಪ್ಯೂಟರ್ ಇನ್ನೂ ನಡೆಯುತ್ತಿದೆ. ನಮ್ಮಲ್ಲಿ ಅಂಗಬದಲಿ ಎಂಬ ಪದ್ಧತಿಯಿದೆ: ಆಯುಧಪೂಜೆಯ ದಿನ ಸವೆದ ಭಾಗ ತೆಗೆದು ಬೇರೆಯದು ಕೂರಿಸುತ್ತೇವೆ, ಆಪರೇಟಿಂಗ್ ಸಿಸ್ಟಮ್ ಮಾತ್ರ ಮುಟ್ಟುವುದಿಲ್ಲ. ಡಿಸ್ಕ್, ಮೆಮೊರಿ, ಪವರ್ ಸಪ್ಲೈ ಎಲ್ಲ ಎಷ್ಟೋ ಸಲ ಬದಲಾಗಿವೆ. ನಿಮ್ಮ ಕಾಲದವರು ಯಂತ್ರ ನಿಧಾನವಾದ ಕೂಡಲೇ ಇಡಿಯಾಗಿ ಎಸೆಯುತ್ತಿದ್ದರಂತೆ, ನಿಜವೇ? ನನಗಂತೂ ನಂಬಲಾಗುತ್ತಿಲ್ಲ.

ಅದನ್ನು ಬಳಸುವವಳು ನಮ್ಮ ನೀಲವ್ವ ಅತ್ತೆ. ಅವಳಿಗೆ ಕಣ್ಣು ಕಾಣುವುದಿಲ್ಲ. ಸೆರಗಿನ ಎಳೆಗಳ ಲೆಕ್ಕವನ್ನು ಆ ಹಳೆಯ ಸಿಸ್ಟಮ್ ಗಟ್ಟಿಯಾಗಿ ಓದುತ್ತದೆ, ಅವಳು ಸೀರೆ ನೇಯುತ್ತಾಳೆ. ಹೊಸ ಸಿಸ್ಟಮ್ ಹಾಕೋಣ, ಕಲಿ ಎಂದರೆ, "ನಾ ಕಲೀತೀನವ್ವಾ, ನನ್ನ ಕೈ ಕಲೀಬೇಕಲ್ಲ?" ಎನ್ನುತ್ತಾಳೆ.

ಕಳೆದ ಪೂಜೆಯಲ್ಲಿ ನಮ್ಮಪ್ಪ ಭಕ್ತಿ ಉಕ್ಕಿ, ಯಂತ್ರಕ್ಕೆ ದನಿ ಕೊಡುವ ಒಳಗಿನ ಸೌಂಡ್ ಕಾರ್ಡಿಗೂ ನೀರಲ್ಲಿ ಕಲಸಿದ ವಿಭೂತಿ ಬಳಿದುಬಿಟ್ಟ. ಸ್ವಿಚ್ ಹಾಕಿದ್ದೇ ತಡ, ಸುಟ್ಟುಹೋಯಿತು. ಏನು ಹೇಳಲಿ ಅವನಿಗೆ! ಅಟ್ಟ ಹುಡುಕಿದರೆ, ನೀವು ತಂದು ಬಳಸದೇ ಇಟ್ಟ ಇನ್ನೊಂದು ಕಾರ್ಡ್ ಡಬ್ಬಿ ಸಮೇತ ಸಿಕ್ಕಿತು. ಕುಣಿದಾಡಿದೆವು. ಕೂರಿಸಿದರೆ ಸಿಸ್ಟಮ್ ಅದರ ಗುರುತೇ ಹಿಡಿಯಲಿಲ್ಲ. ಗುರುತು ಹೇಳಿಕೊಡುವ ಡ್ರೈವರ್ ಇದ್ದ ಸಿ.ಡಿ. ಡಬ್ಬಿಯಲ್ಲಿಲ್ಲ. ಎಲ್ಲಿ ಹೋಯಿತೆಂದು ಯಾರನ್ನೂ ಕೇಳಬೇಕಾಗಿಲ್ಲ. ಹಕ್ಕಿ ಬೆದರಿಸಲು ಜೋಳದ ಹೊಲದ ತುಂಬ ಸಿ.ಡಿ. ಕಟ್ಟಿದ ನಿಮ್ಮಿಂದಾಗಿ ನಮ್ಮ ಮನೆತನಕ್ಕೆ ಇಂದಿಗೂ "ಸೀಡಿ" ಎಂದೇ ಅಡ್ಡಹೆಸರು! ಹಕ್ಕಿಗಳು ನಿಜಕ್ಕೂ ಹೆದರುತ್ತಿದ್ದವೇ? ಅದೊಂದು ತಿಳಿಯುವ ಆಸೆ ನನಗೆ.

ಮುತ್ಯಾ, ಉಳಿದವನ್ನು ಬೇಕಾದಷ್ಟು ಕಟ್ಟಿ. ಆ ಕಾರ್ಡಿನ ಸಿ.ಡಿ.ಯೊಂದನ್ನು ಡಬ್ಬಿಯಲ್ಲೇ ಇಡಿ, ಕಟ್ಟಿದ್ದರೆ ಬಿಚ್ಚಿ ತನ್ನಿ. ಅತ್ತೆ ಮಗ್ಗಕ್ಕೆ ಕೂತು ತಿಂಗಳುಗಳಾದವು. ಊಟವೂ ಸೇರುತ್ತಿಲ್ಲ.

ಹಿಂದೋಲೆ ಮುಟ್ಟಿದರೆ ಆಗಿಹೋದದ್ದೂ ಬದಲಾಗುತ್ತದಂತೆ. ಅದನ್ನು ಕೇಳಿದಾಗಿನಿಂದ ಅತ್ತೆ ಆ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಾಳೆ. ಪತ್ರ ಇನ್ನೂ ಕಳಿಸಿಯೇ ಇಲ್ಲ ಎಂದರೂ, ಅಲುಗಾಡಿಸಿ ಕಿವಿಗೊಡುತ್ತಲೇ ಇದ್ದಾಳೆ.