ಎಡಗಡೆ ಎಲೆ

೪-೨-೮೧, ಬುಧವಾರ
ಹೊಗೆಸೊಪ್ಪಿನ ಎಲೆ ನೆನೆಸಿಟ್ಟೆ. ಮೂರು ಕಟ್ಟು ಬೂಸ್ಟು. ಗೋಡೌನ್‌ನೋನ್ನ ಚೆನ್ನಾಗಿ ಉಗಿದೆ. ನಾಳೆ ಪೇಪರ್‌ನೋರು ಬರ್ತಾರಂತೆ, ಫ್ಯಾಕ್ಟ್ರಿ ಚರಿತ್ರೆ ಬರಿಯಕ್ಕೆ. ಯುಗಾದಿಗೆ ಬಾಗಿಲು ಹಾಕೋ ಸಿಗಾರ್ ಫ್ಯಾಕ್ಟ್ರಿಗೆ ಈಗ ಚರಿತ್ರೆ! ಓನರ್ ಪೋ ಲ್ವಿನ್ ಸಾಹೇಬ್ರಿಗೆ ಮಾತ್ರ ಖುಷಿ. ಮೂರು ತಿಂಗಳಿಂದ ಮಹಡಿ ಮೇಲೆ ಮಂಚ ಬಿಟ್ಟು ಏಳದೋರು ಇವತ್ತು ಶೇವ್ ಮಾಡಿಸ್ಕೊಂಡವ್ರೆ. "ಬಚ್ಚಪ್ಪ, ನಿನ್ ಕೈ ವಿಷ್ಯ ಹೇಳ್ತೀನಿ" ಅಂದ್ರು. ಹೂಂ ಅಂದೆ.

೫-೨-೮೧, ಸಂಜೆ
ಬರಿಯಕ್ಕೆ ಮನಸ್ಸಿಲ್ಲ...
ಪೇಪರ್‌ನಿಂದ ಒಂದು ಹುಡುಗಿ, ಫೋಟೋದೋನು ಒಬ್ಬ. ಸಾಹೇಬ್ರನ್ನ ಕುರ್ಚಿ ಸಮೇತ ಕೆಳಗಿಳಿಸಿದ್ವಿ. ಎಲ್ಲಾ ಹೇಳಿದ್ರು — ನಲವತ್ತೆರಡನೇ ಇಸ್ವೀಲಿ ಯುದ್ಧದ ಟೈಮಲ್ಲಿ ಬರ್ಮಾದಿಂದ ನಡ್ಕೊಂಡು ಬಂದಿದ್ದು, ಚೀಲದಲ್ಲಿ ಸಿಗಾರ್ ಅಚ್ಚು ಬಿಟ್ರೆ ಏನೂ ಇಲ್ದಿದ್ದು, ಚಾಮರಾಜಪೇಟೇಲಿ ಈ ಶೆಡ್ಡು ಹಿಡಿದಿದ್ದು. ಆಮೇಲೆ ಒಂದು ಎಲೆ ಎತ್ತಿ, ನಡುನರ ಕಿತ್ತು, ಎರಡು ಹೋಳು ಮಾಡಿದ್ರು.
"ನೋಡಮ್ಮ, ಬಲಗಡೆ ಹೋಳು ಬಲಗೈಲಿ ಸುತ್ತಬೇಕು, ಎಡಗಡೇದು ಎಡಗೈಲಿ. ಕೈ ಬದಲಾದ್ರೆ ಸೀಳುತ್ತೆ. ಎಡಗೈಯೋರು ಒಬ್ರೂ ಸಿಗ್ದೆ ಅರ್ಧ ಎಲೆ ದಂಡ. ಇನ್ನೇನು ಮುಚ್ಬೇಕು, ಆಗ ಇವ್ನು ಬಂದ. ಫ್ಯಾಕ್ಟ್ರಿ ನಿಂತಿದ್ದು ಇವನ ಎಡಗೈ ಮೇಲೆ."
ಬಾಗಿಲಲ್ಲಿ ಗಂಡಿನ ಕಡೆ ಬೀಗರು ಧರ್ಮರಾಜು. ನನ್ ಕೊನೇ ಮಗಳ ಲಗ್ನದ ಮಾತಿಗೆ ಮಲ್ಲೇಶ್ವರದಿಂದ ಬಂದಿದ್ದೋರು ಫೋಟೋ ನೋಡಕ್ಕೆ ನಿಂತಿದ್ರು.
"ಏನ್ ಬೀಗ್ರೇ, ಎಡಚರಾ ನೀವು? ಮೊನ್ನೆ ನಮಗೆ ಲಾಡು ಬಡಿಸಿದ್ದು ಯಾವ ಕೈಲಿ?"
ಎಲ್ರೂ ನಕ್ರು.
ಹುಡುಗಿ ಕೇಳ್ತು, "ಹೌದಾ ತಾತ?"
"ಇಲ್ಲಮ್ಮ. ಸಾಹೇಬ್ರಿಗೆ ವಯಸ್ಸಾಯ್ತು. ಮರೆವು."
ಅಂದೆ. ಈ ಬಾಯಿಂದಾನೇ ಅಂದೆ. ಫೋಟೋಗೆ ಬಲಗೈಲಿ ಸುತ್ತಿದೆ. ಕೈಗೆ ಸಿಕ್ಕಿದ್ದು ಎಡಗಡೆ ಹೋಳು. ಸೀಳ್ತು. ಆ ಸೀಳಿದ್ದನ್ನೇ ಸಾಹೇಬ್ರು ಇಸ್ಕೊಂಡು ಜೇಬಿಗಿಟ್ಕೊಂಡ್ರು.

೮-೨-೮೧, ಭಾನುವಾರ
ಪೇಪರಲ್ಲಿ ಬಂತು. "ನೆನಪು ಮಸುಕಾದ ಸ್ಥಾಪಕರು" ಅಂತ ಹಾಕವ್ರೆ. ಪಕ್ಕದಲ್ಲಿ ನನ್ ಫೋಟೋ. ಸಾಹೇಬ್ರು ಭೂತಗನ್ನಡಿ ಇಟ್ಟು ನೋಡಿದ್ರು.
"ಬಚ್ಚಪ್ಪ, ಇದು ಯಾರ ಕೈ?"
"ನಂದೇ."
"ಗುರ್ತು ಸಿಗ್ಲಿಲ್ಲ."
ಅಷ್ಟೇ. ಬಯ್ದಿದ್ರೆ ತಿರುಗಿ ನಾಲ್ಕು ಮಾತಾಡ್ತಿದ್ದೆ.

೧೯-೨-೮೧
ಹನ್ನೊಂದು ದಿನ ಮಹಡಿ ಹತ್ತಲಿಲ್ಲ. ಸಾಹೇಬ್ರಿಗೆ ಗಂಜೀನೂ ಇಳೀತಿಲ್ವಂತೆ. ಮನೇಲಿ ಮುತ್ಯಾಲಮ್ಮ ಶುರು ಮಾಡಿದ್ಲು. "ಎಡಗೈಲಿ ಬರ್ದೆ ಅಂತ ಮೇಷ್ಟ್ರು ನಿನ್ ಗೆಣ್ಣಿಗೆ ಹೊಡೆದ್ರು, ಮೂರನೇ ಕ್ಲಾಸಿಗೇ ನೀನು ಸ್ಕೂಲ್ ಬಿಟ್ಟೆ. ಅದೇ ಕೈಗೆ ಅನ್ನ ಕೊಟ್ಟೋರ್ನ ಅರಳುಮರಳು ಅಂದ್ಬಿಟ್ಯಲ್ಲಯ್ಯ." ಮುಚ್ಚೇ ಬಾಯಿ ಅಂದೆ. ಹೆಂಡ್ತಿ ಹೇಳಿದ್ದು ನಿಜ, ಅದಕ್ಕೇ ಕೋಪ.
ಪೇಪರ್ ಆಫೀಸಿಗೆ ಹೋದೆ. ಹುಡುಗಿ ಅಂತು, "ನೀವೇ ಒಂದು ಕಾಗ್ದ ಬರ್ಕೊಡಿ ತಾತ, ಹೆಸರು ಸಮೇತ ಹಾಕ್ತೀವಿ." ಧರ್ಮರಾಜು ಮನೆಗೂ ಅದೇ ಪೇಪರ್. ಓದ್ಲಿ.

೨೦-೨-೮೧, ಬೆಳಗ್ಗೆ
ಇಲ್ಲಿ ಬರ್ದು ನೋಡಿ ಆಮೇಲೆ ಕಾಗ್ದಕ್ಕೆ. ಮೊದ್ಲು ಮಹಡಿಗೆ ಹೋಗಿ ಸಾಹೇಬ್ರಿಗೆ ಓದ್ಬೇಕು. ಅಕ್ಷರ ಸೊಟ್ಟ, ಒಂದೆರಡು ಉಲ್ಟಾ. ಅಂಗೈ ಅಂಚಿಗೆಲ್ಲ ಇಂಕು ಮೆತ್ತಿದೆ. ಈ ಕೈಲಿ ಬರ್ದು ಐವತ್ತೈದು ವರ್ಷ ಆಯ್ತಲ್ಲ.
ಸಂಪಾದಕರಿಗೆ ನಮಸ್ಕಾರ. ಸಾಹೇಬ್ರು ಹೇಳಿದ್ದೆಲ್ಲ ನಿಜ. ಅವ್ರಿಗೆ ಮರೆವಿಲ್ಲ. ಸುಳ್ಳು ಹೇಳಿದೋನು ನಾನು. ಇದನ್ನ ಬರೀತಿರೋ ಕೈ ಎಡಗೈ.