ಕಾನಿ ಎಂಬ ಒಂದೇ ಮಾತು

ಪೋರ್ಥ್ ಎಲಿನ್, ವೇಲ್ಸ್
ಗುರುವಾರ, ಜುಲೈ ೧೧

ಪ್ರೀತಿಯ ಮೆದ್ವೆನ್,

ಹೇಗಿದ್ದೀ ಮಗಳೇ? ಗಂಟಲಿನ ಆಪರೇಷನ್ ಆದ ಜಾಗ ಈಗಲೂ ಸೆಳೆಯುತ್ತದೆಯೇ? ಲಿವರ್‌ಪೂಲಿನ ನಿನ್ನ ಡಾಕ್ಟರು ಬಿಸಿನೀರು ಕುಡಿ ಅನ್ನುವುದನ್ನು ಬಿಟ್ಟು ಬೇರೇನಾದರೂ ಹೇಳಿದರೇ? ನನಗೆ ಮಂಡಿನೋವು ಬಿಟ್ಟರೆ ಎಲ್ಲ ನೆಟ್ಟಗಿದೆ. ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಆಗಲೇ ಎದ್ದು ಕಿಟಕಿಗೆ ಹೋಗಿ ಬಂದೆ. ಮರಳಿನ ಮೇಲೆ ಹಬ್ಬದ ಡೇರೆ ಎದ್ದಿದೆ. ಗಾಳಿಗೆ ಅದರ ಒಂದು ಮಗ್ಗುಲು ಪಟಪಟ ಬಡಿದುಕೊಳ್ಳುತ್ತಿದೆ. ಫೋನಿನಲ್ಲೇ ಬರೆದು ಕಳಿಸಬಹುದಿತ್ತು. ಆದರೆ ನಾನು ನಮ್ಮ ಭಾಷೆಯಲ್ಲಿ ಒತ್ತಿದ್ದನ್ನು ಆ ಯಂತ್ರ ತಾನೇ ಇಂಗ್ಲಿಷಿಗೆ ತಿದ್ದಿಬಿಡುತ್ತದೆ. ಕಳೆದ ವಾರ ‘ಮಾಮ್’ ಎಂದು ನಿನ್ನ ಅಮ್ಮನ ಮಾತೆತ್ತಿದರೆ ಅದು ‘ಹ್ಯಾಮ್’ ಎಂದು ಹಂದಿಮಾಂಸ ಮಾಡಿಟ್ಟಿತು. ನಿನ್ನ ಅಮ್ಮ ನೆಸ್ತಾ ಇದ್ದಿದ್ದರೆ ನಕ್ಕು ನಕ್ಕು ಸಾಯುತ್ತಿದ್ದಳು. ನೋಡು, ಎಂಥ ಮಾತು ಬರೆದೆ.

ವಿಷಯಕ್ಕೆ ಬರುತ್ತೇನೆ. ನಾಡಿದ್ದು ಶನಿವಾರ ಊರಿನ ಸಂಗೀತದ ಹಬ್ಬ. ಎಂದಿನಂತೆ ಎಲ್ಲ ಊರವರದೇ ಕೆಲಸ. ಬೇಕರಿಯ ಎಲಿನೆದ್ ಅಧ್ಯಕ್ಷೆ. ಬರ್ಮಿಂಗ್‌ಹ್ಯಾಮಿನಿಂದ ಬಂದು ಇಲ್ಲೇ ಬೇರುಬಿಟ್ಟ ಪಾಲೀನ್ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾಳೆ. ಭಿತ್ತಿಪತ್ರದ ಎಡಕ್ಕೆ ವೆಲ್ಷ್, ಬಲಕ್ಕೆ ಇಂಗ್ಲಿಷ್. ಬಲಗಡೆಯದು ನನ್ನ ಪಾಲು. ಕಾಲೇಜಿನಲ್ಲಿ ಕಲಿತದ್ದು ಅರ್ಧ ಮರೆತಿದೆ, ‘ಶಲ್’ ಎಲ್ಲಿ ‘ವಿಲ್’ ಎಲ್ಲಿ ಎಂದು ಈಗಲೂ ತಡವರಿಸುತ್ತೇನೆ. ಆದರೂ ಅಪ್ಪ ಅಲ್ಲವೇ, ನಿನ್ನ ಸಾಲನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ನೀನು ಕಳಿಸಿದ್ದು ಇಷ್ಟೇ: “ಬರ್ತೀನಿ ಅಪ್ಪಾ, ಕಾನಿ ಮಾಡ್ತೀನಿ.” ನಮ್ಮಲ್ಲಿ ಹಾಡಿದರೂ ಕಾನಿ, ವಾದ್ಯ ನುಡಿಸಿದರೂ ಕಾನಿ, ಗಂಟೆ ಹೊಡೆದರೂ ಹುಂಜ ಕೂಗಿದರೂ ಕಾನಿಯೇ. ಇಂಗ್ಲಿಷಿನವರಿಗೆ ಅದನ್ನು ಸೀಳಿ ಕೊಡಬೇಕು. ನಾನು ಸಂತೋಷದಲ್ಲಿ ಯೋಚಿಸಲಿಲ್ಲ. ‘ಮೆದ್ವೆನ್ ಹಾಡುತ್ತಾಳೆ’ ಎಂದು ಸೀಳಿಬಿಟ್ಟೆ. ಊರೆಲ್ಲ ಅಂಟಿಸಿಯೂ ಆಯಿತು.

ಇವತ್ತು ಬೆಳಿಗ್ಗೆ ಬೇಕರಿಗೆ ಹೋದಾಗ ಎಲಿನೆದ್ ಹಿಟ್ಟು ನಾದುತ್ತಲೇ ಕೇಳಿದಳು, “ಪ್ರಾರ್ಥನಾಮಂದಿರದಲ್ಲಿ ನೆಸ್ತಾ ಕಾಲಲ್ಲಿ ತುಳಿದು ನುಡಿಸ್ತಿದ್ದ ಹಾರ್ಮೋನಿಯಂ ಇದೆಯಲ್ಲ, ಅದರ ತಿದಿಯನ್ನ ಇಲಿ ಕಡಿದಿದೆಯಾ ನೋಡು ಅಂತ ನಿನ್ನ ಮಗಳು ಕೇಳಿದಾಳೆ. ಹಾಡೋಳಿಗೆ ಅದ್ಯಾಕೋ?” ಆಗಲೇ ನನಗೆ ಹೊಳೆದದ್ದು, ನೀನು ಹೇಳಿದ ಕಾನಿ ನುಡಿಸುವುದು ಎಂದು. ನನ್ನ ಮುಖ ನೋಡಿ ಅವಳಿಗೂ ಹೊಳೆಯಿತು. “ಅಯ್ಯೋ ಇದ್ವಲ್, ಎರಡೆರಡು ಭಾಷೆ ಬಂದೂ ಮಗಳ ಮಾತು ತಿಳೀಲಿಲ್ವೇನಯ್ಯಾ ನಿಂಗೆ!”

ಆ ಆಪರೇಷನ್ ಆದಮೇಲೆ ನೀನು ಊರಿಗೆ ಬಾರದೆ ಇದ್ದದ್ದು ಯಾಕೆಂದು ನನಗೆ ಗೊತ್ತು. ಕಂಡವರೆಲ್ಲ “ಹಾಡ್ತೀಯಾ? ಈಗ ಹಾಡಕ್ಕಾಗುತ್ತಾ?” ಅನ್ನುತ್ತಾರೆಂದು. ಬಸ್ಸಿಳಿದ ಕೂಡಲೇ ಅಪ್ಪನೇ ಬರೆದ ಆ ಮಾತು ಕಣ್ಣಿಗೆ ಬಿದ್ದರೆ ನೀನು ಅದೇ ಬಸ್ಸಿನಲ್ಲಿ ಹಿಂತಿರುಗುತ್ತೀ. ಅದಕ್ಕೇ ಕಪ್ಪು ಮಸಿ ಹಿಡಿದು ಹೊರಟೆ. ಅಂಚೆ ಕಚೇರಿ, ಮೀನಂಗಡಿ, ಹೆಂಡದಂಗಡಿಯ ಎರಡೂ ಬಾಗಿಲು. ‘ಹಾಡುತ್ತಾಳೆ’ ಹೊಡೆದುಹಾಕಿ ‘ಪ್ಲೇ’ ಎಂದು ಬರೆದೆ. ಹಿಂದೆಯೇ ಪಾಲೀನ್ ಬಂದು, “ಏನು ಆಡ್ತಾಳೆ, ಫುಟ್‌ಬಾಲಾ?” ಅಂದಳು. ಅದನ್ನೂ ಹೊಡೆದೆ. ಕೊನೆಗೆ ಇಂಗ್ಲಿಷಿನ ಕಡೆಯೂ ‘ಕಾನಿ’ ಎಂದೇ ಬರೆದುಬಿಟ್ಟೆ. “ಹಾಗಂದ್ರೇನು?” ಅಂದಳು. “ಬಂದು ಕೇಳು, ತಿಳಿಯುತ್ತೆ,” ಅಂದೆ. ನುಡಿಸು, ಬೇಡವಾದರೆ ಸುಮ್ಮನೆ ಕೂತು ಮನೆಗೆ ಬಾ. ತಿದಿಯನ್ನು ಇಲಿ ಮುಟ್ಟಿಲ್ಲ, ಈಗಷ್ಟೇ ನೋಡಿ ಬಂದೆ. ಎಡಗಾಲಿನ ಮೆಟ್ಟು ಮಾತ್ರ ಕೀಚುಗುಡುತ್ತದೆ, ನಿನ್ನ ಅಮ್ಮನ ಕಾಲದಲ್ಲೂ ಹಾಗೆಯೇ ಇತ್ತು.

ಎಲಿನೆದ್ ನಿನಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ನನಗೆ ಬೈಗುಳ. ಚಳಿಗಾಳಿಗೆ ಕತ್ತಿನ ಶಾಲು ಮರೆಯಬೇಡ. ದೇವರು ನಿನ್ನ ಜೊತೆಗಿರಲಿ.

ನಿನ್ನ ಅಪ್ಪ,
ಇದ್ವಲ್

ಅಂಚೆಯವನು ಪೆಟ್ಟಿಗೆ ತೆರೆಯುತ್ತಿದ್ದಾನೆ, ಆದರೂ ಒಂದು ಮಾತು ಮರೆತಿದ್ದೆ. ಬಸ್ ನಿಲ್ದಾಣದ ಭಿತ್ತಿಪತ್ರ ಗಾಜಿನೊಳಗಿದೆ, ಅದರ ಬೀಗದಕೈ ಯಾರ ಹತ್ತಿರವಿದೆಯೋ ಯಾರಿಗೂ ಗೊತ್ತಿಲ್ಲ. ಅಲ್ಲಿ ಇನ್ನೂ ‘ಹಾಡುತ್ತಾಳೆ’ ಎಂದೇ ಇದೆ. ನೀನು ಒಂದು ನಿಲ್ದಾಣ ಮೊದಲೇ, ದೋಣಿ ಇಳಿಸುವ ಇಳಿಜಾರಿನ ಹತ್ತಿರ ಇಳಿ. ಅಲ್ಲಿ ನಾನು ನಿಂತಿರುತ್ತೇನೆ. ಏನೂ ಕೇಳುವುದಿಲ್ಲ.