ಎಣ್ಣೆ ಹಚ್ಚಿದ ತಲೆ

ಜನ್ನಾಪುರ, ಭದ್ರಾವತಿ
೧೪ ನವೆಂಬರ್ ೨೦೨೫, ಶುಕ್ರವಾರ

ಮಗನೇ ಪರಮೇಶ,

ಭಿಲಾಯಿಯಲ್ಲಿ ಚಳಿ ಶುರುವಾಯಿತೇ? ನಿನ್ನ ಬೆನ್ನುನೋವು ಹೇಗಿದೆ? ಕುಲುಮೆಯ ಎದುರು ಬೆವೆತು ಬಂದು ತಣ್ಣೀರು ಕುಡಿಯಬೇಡ, ಇಲ್ಲಿ ಕಾರ್ಖಾನೆಗೆ ಹೋಗುವಾಗಲೂ ನಿನಗೆ ಅದೇ ಚಾಳಿ. ರಂಜಿನಿಯನ್ನು, ಪುಟ್ಟನನ್ನು ಕೇಳಿದೆನೆಂದು ಹೇಳು. ದಿನಾ ಫೋನಿನಲ್ಲಿ ಮಾತಾಡುವ ಅಮ್ಮ ಈಗ್ಯಾಕೆ ಕಾಗದ ಬರೆದಳು ಎಂದು ನಗಬೇಡ ಮಾರಾಯ. ಕಾರಣ ಇದೆ.

ಹತ್ತನೇ ಕ್ಲಾಸು ಮುಗಿಯಲಿ ಎಂದು ನೀನು ನನ್ನ ಬಳಿ ಬಿಟ್ಟುಹೋದ ಲಿಖಿತಾ ಕಬಡ್ಡಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಒಂದು ತಿಂಗಳಾಯಿತು. ಗಾಯವಿಲ್ಲ, ರಕ್ತವಿಲ್ಲ, ನಾವೆಲ್ಲ ಹಗುರವಾಗಿ ತೆಗೆದುಕೊಂಡೆವು. ನಿನಗೂ "ಹುಷಾರಾಗಿದ್ದೀನಪ್ಪ" ಎನ್ನುತ್ತಾಳೆ. ಜೂನ್‌ನಲ್ಲಿ ಶಿವಮೊಗ್ಗದ ಡಾಕ್ಟರು ಶಾಲೆಗೆ ಬಂದು ಆಟದ ಮಕ್ಕಳ ತಲೆಗೆ ವೈರಿನ ಟೋಪಿ ಹಾಕಿ ಮೆದುಳಿನ ಅಲೆ ದಾಖಲಿಸಿಕೊಂಡಿದ್ದರಲ್ಲ, ಆ ಡಾಕ್ಟರ್ ದೀಪಶ್ರೀ ಈಗ ಹತ್ತು ದಿನಕ್ಕೊಮ್ಮೆ ಅದೇ ಟೋಪಿ ಹಾಕಿ ಹಳೆಯ ಅಲೆಗೆ ಹೋಲಿಸಿ ನೋಡುತ್ತಾರೆ. ಎರಡೂ ಹೊಂದುವವರೆಗೆ ಆಟ ಇಲ್ಲ. ರಾಜ್ಯ ತಂಡದ ಆಯ್ಕೆಯೋ, ಇದೇ ಮೂವತ್ತಕ್ಕೆ. ಪ್ರತಿ ಸಲವೂ ಅವೇ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿ ಕೇಳುವುದೂ ಇದೆ. ಮೊದಲ ಸಲ ಅವಳಿಗೆ ಎರಡೇ ನೆನಪಿದ್ದವು.

ಹೋದ ವಾರ ತಾನಾಗಿಯೇ ಬಂದು ನನ್ನ ಮುಂದೆ ಕೂತು, "ಅಜ್ಜಿ, ತಲೆಗೆ ಹರಳೆಣ್ಣೆ ಹಚ್ಚು, ಉರೀತಿದೆ" ಅಂದಳು. ಎಣ್ಣೆ ಬಟ್ಟಲು ಕಂಡರೆ ಓಡುತ್ತಿದ್ದ ಹುಡುಗಿ! ನನಗೆ ಹಿಗ್ಗೋ ಹಿಗ್ಗು. ನೆತ್ತಿ ತುಂಬ ತಟ್ಟಿ ತಟ್ಟಿ ಹಚ್ಚಿದೆ. ಮರುದಿನ ಆಸ್ಪತ್ರೆಯಲ್ಲಿ ಟೋಪಿ ಹಾಕುವ ಹುಡುಗಿ, "ಏನಜ್ಜಿ ಇದು, ಇಷ್ಟು ಜಿಡ್ಡಿದ್ರೆ ಮಿಷನ್‌ಗೆ ಏನೂ ಸಿಗಲ್ಲ" ಎಂದು ಬೈದಳು. ಪದಗಳನ್ನು ಮಾತ್ರ ಕೇಳಿದರು. ದೀಪ, ಕುದುರೆ, ಮಜ್ಜಿಗೆ, ಕಿಟಕಿ, ರೈಲು ಎಂದು ಲಿಖಿತಾ ಪಟಪಟನೆ ಹೇಳಿದಳು. ಆಗ ನನಗೆ ಹೊಳೆಯಿತು. ವಾರವಿಡೀ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವಳು ಗುನುಗುತ್ತಿದ್ದುದು ಅದನ್ನೇ. ಚೀಟಿ ಬರೆದಿಟ್ಟುಕೊಂಡು ಬಾಯಿಪಾಠ ಮಾಡಿದ್ದಾಳೆ. ಎಣ್ಣೆಯನ್ನೂ ಬೇಕೆಂದೇ ಹಚ್ಚಿಸಿಕೊಂಡದ್ದು. ನಾನೊಬ್ಬಳು ದಡ್ಡಿ.

ಟೋಪಿ ಹಾಕಲು ಮತ್ತೆ ಬರಹೇಳಿದ್ದರಿಂದ ಸೋಮವಾರ ಸೀಗೆಪುಡಿ ಹಾಕಿ ನಾನೇ ತಲೆ ತಿಕ್ಕಿ ಕರೆದುಕೊಂಡು ಹೋದೆ. "ಪದ ಎಲ್ಲಾ ಸರಿ ಹೇಳ್ತಾಳಮ್ಮ, ಆದ್ರೆ ಅಲೆ ಇನ್ನೂ ನಿಧಾನ ಇದೆ. ಇಂಥದ್ರಲ್ಲಿ ಇನ್ನೊಂದು ಪೆಟ್ಟು ಬಿದ್ರೆ ಬಹಳ ಕಷ್ಟ" ಎಂದರು ಡಾಕ್ಟರು. ಬಸ್ಸು ಭದ್ರಾವತಿ ತಲುಪುವವರೆಗೂ ಅವಳು ಆಚೆ ಮುಖ ಮಾಡಿ ಅತ್ತಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಯಲ್ಲಮ್ಮ

ಇನ್ನೊಂದು ಮಾತು. ಕೋಚ್ ರುದ್ರೇಶ್ ನಿನಗೊಂದು ಒಪ್ಪಿಗೆ ಪತ್ರ ಕಳಿಸುತ್ತಾನೆ, ತಂದೆಯ ಸಹಿ ಇದ್ದರೆ ಆಡಿಸುತ್ತಾನಂತೆ. ಹಾಕಬೇಡ. ಮೊನ್ನೆ ಬುಧವಾರ ಸಕ್ಕರೆ ತರಲು ಹೋದ ಲಿಖಿತಾ ನಮ್ಮದೇ ಬೀದಿಯ ತಿರುವಿನಲ್ಲಿ, ಮನೆ ಯಾವ ಕಡೆ ಎಂದು ತಿಳಿಯದೆ ನಿಂತಿದ್ದಳು. ಕೈಹಿಡಿದು ಕರೆತಂದೆ. "ಅಪ್ಪಂಗೆ ಫೋನಲ್ಲಿ ಹೇಳಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಜ್ಜಿ" ಅಂದಳು. ಮಾಡಿದೆ. ಫೋನಿನಲ್ಲಿ ಹೇಳಿಲ್ಲ ನೋಡು. ಆದರೂ ಆಣೆ ಆಣೆಯೇ. ಆಣೆ ಮುರಿದ ಪಾಪ ಅವಳ ತಲೆಗೆ ಬೇಡ, ನನ್ನ ತಲೆಗೆ ಬರಲಿ.